ಎಲ್ಲರೂ ಆಡಬೇಕು

“ನಿನ್ನ ಕಡೆ ಎತ್ತು. ಇನ್ನೂ ಸ್ವಲ್ಪ. ಗೋಡೆಗೆ ಉಜ್ತಾ ಇದೆ,” ಎಂದ ಗೋಲಿ.

ತೀರಿಕೊಂಡವಳ ಮಗ ಎತ್ತಿದ. ಆದರೂ ಸ್ಟ್ರೆಚರು ತಿರುವಿನಲ್ಲಿ ತಿರುಗಲಿಲ್ಲ. ಅದರ ಹಿಡಿ ಕಿಟಕಿಯ ಸರಳಿಗೆ ಸಿಕ್ಕಿಕೊಂಡಿತ್ತು. ಮೂರನೇ ಮಹಡಿಯಿಂದ ಇಳಿಯುವ ಆ ಮೆಟ್ಟಿಲು ಎಂಥ ಇಕ್ಕಟ್ಟೆಂದರೆ, ಗ್ಯಾಸ್ ಸಿಲಿಂಡರು ಹೊತ್ತವನು ಹತ್ತಿ ಬಂದರೆ ಇಳಿಯುವವರು ಯಾರದಾದರೂ ಮನೆಯೊಳಗೆ ಹೊಕ್ಕು ದಾರಿ ಬಿಡಬೇಕು. ಈಗ ಎರಡನೇ ಮಹಡಿಯವರು ಬಾಗಿಲು ತೆರೆದು, ಹೊರಗಿದ್ದ ಚಪ್ಪಲಿ, ಮಗುವಿನ ಸೈಕಲ್ಲು ಎಲ್ಲವನ್ನೂ ಒಳಗೆಳೆದುಕೊಂಡು ಸುಮ್ಮನೆ ನಿಂತಿದ್ದರು.

“ನೆಟ್ಟಗೆ ನಿಲ್ಲಿಸಿಬಿಡಿ,” ಎಂದು ವ್ಯಾನಿನ ಚಾಲಕ ಕೆಳಗಿನಿಂದ ಹೇಳಿದ. “ಪಟ್ಟಿ ಬಿಗಿಯಾಗಿದೆ, ಜಾರಲ್ಲ. ಇಂಥ ಕಟ್ಟಡಗಳಲ್ಲಿ ಹಾಗೇ ಮಾಡೋದು.”

ಮಗ ಸರಳಿಗೆ ಸಿಕ್ಕಿದ್ದ ಹಿಡಿಯನ್ನು ಬಿಡಿಸಿದ. ಗೋಲಿ ಅವನ ಮುಖ ನೋಡಿ ತಾನೇ, “ಸರಿ, ನಿಧಾನಕ್ಕೆ,” ಎಂದ. ಇಬ್ಬರೂ ಸೇರಿ ಸ್ಟ್ರೆಚರನ್ನು ನಿಲ್ಲಿಸಿದರು. ಬಿಳಿ ಹೊದಿಕೆಯೊಳಗಿನ ತಲೆ ವಾಲಿ ಮಗನ ಭುಜಕ್ಕೆ ಒರಗಿತು. ತಾಯಿ ಅಷ್ಟು ಹತ್ತಿರ ಬಂದು ಎಷ್ಟೋ ವರ್ಷಗಳಾಗಿದ್ದವು. ಅವನು ಉಸಿರು ಬಿಗಿಹಿಡಿದು ಒಂದೊಂದೇ ಮೆಟ್ಟಿಲು ಇಳಿದ.

“ಊರವರ ಮನೆಗೆಲ್ಲ ಲಿಫ್ಟು ರಿಪೇರಿ ಮಾಡ್ತಾನೆ,” ಎಂದು ಹಿಂದೆ ಬರುತ್ತಿದ್ದ ಚಿಕ್ಕಮ್ಮ ಗೊಣಗಿದಳು. “ಹೆತ್ತೋಳು ಇಳಿಯೋ ಚೆಂದ ನೋಡು.”

ಗೋಲಿ ತಿರುಗಿ ಅವಳನ್ನು ನೋಡಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿಂದಿನ ದಿನ ಬೆಳಿಗ್ಗೆ ಅಕ್ಕನ ಮನೆಯ ಬಾಗಿಲು ತಟ್ಟಿ, ಕೊನೆಗೆ ತನ್ನಲ್ಲಿದ್ದ ಕೀಲಿಯಿಂದ ತೆಗೆದು ಒಳಗೆ ಹೋದವಳು ಅವಳೇ. ಅಡುಗೆಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು. ಅಕ್ಕ ಸಿಂಕಿನ ಕೆಳಗೆ, ಏನೋ ಹುಡುಕಲು ಕೂತವಳ ಹಾಗೆ, ಗೋಡೆಗೆ ಒರಗಿ ಹೋಗಿಬಿಟ್ಟಿದ್ದಳು. ಚಿಕ್ಕಮ್ಮ ಮೊದಲು ನಲ್ಲಿ ನಿಲ್ಲಿಸಿದ್ದಳು. ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು: “ನೋಡಿ, ನನ್ನ ಬುದ್ಧಿ. ಅಕ್ಕನ್ನ ಮುಟ್ಟೋದು ಬಿಟ್ಟು ನಲ್ಲಿ ನಿಲ್ಲಿಸ್ದೆ.”

ಕೆಳಗೆ ವ್ಯಾನಿನ ಬಾಗಿಲು ತೆರೆದಿತ್ತು. ರಸ್ತೆಯಲ್ಲಿ ನಾಲ್ಕಾರು ಜನ ನಿಂತಿದ್ದರು.

“ನಮ್ಮ ಟೀಮಿನೋರೆಲ್ಲ ನೇರ ಚಿತಾಗಾರಕ್ಕೇ ಬರ್ತಾರೆ,” ಎಂದ ಗೋಲಿ. “ಒಬ್ಬರನ್ನೂ ಬಿಟ್ಟಿಲ್ಲ, ಎಲ್ಲರಿಗೂ ಫೋನ್ ಮಾಡಿದೀನಿ. ಕೋಚಮ್ಮ ಅಂದ್ರೆ ಸುಮ್ನೇನಾ?”

*

ಆಗೆಲ್ಲ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೋಚಮ್ಮನಿಗೆ ಕೆಲಸ. ದೊಡ್ಡ ಯಂತ್ರಗಳಿಂದ ಹೊರಬಿದ್ದ ಹಾಸಿಗೆಯ ಬಟ್ಟೆಗಳನ್ನು ಒಣಗಿಸಿ, ಇಸ್ತ್ರಿಯ ಉರುಳೆಗಳ ನಡುವೆ ಹಾಯಿಸಿ, ಎದುರುಬದುರು ನಿಂತು ಇಬ್ಬರು ಮಡಚಬೇಕು. ದಿನವಿಡೀ ಹಬೆ. ಗಂಡನೆಂಬುವನು ಮಗ ನಡೆಯಲು ಕಲಿಯುವ ಮೊದಲೇ ಇನ್ನೊಂದು ಸಂಸಾರ ಕಟ್ಟಿಕೊಂಡಿದ್ದ. ಹಾಗಾಗಿ ಶಾಲೆ ಬಿಟ್ಟ ಮೇಲೆ ಹುಡುಗ ಅಲ್ಲಿಗೇ ಬರುತ್ತಿದ್ದ. ಒಗೆದ ಬಟ್ಟೆಯ ರಾಶಿಯ ಮೇಲೆ ಮಲಗಿ ಮೇಲ್ವಿಚಾರಕನಿಂದ ಬೈಸಿಕೊಳ್ಳುತ್ತಿದ್ದ.

ಬಾಯ್ಲರಿನ ಹಿಂದೆ ಒಂದು ಖಾಲಿ ಜಾಗವಿತ್ತು. ಅಡುಗೆಯವನ ಮಕ್ಕಳು, ಕಾವಲುಗಾರನ ಮಕ್ಕಳು, ಕಸ ಗುಡಿಸುವವಳ ಮಕ್ಕಳು ಅಲ್ಲಿ ಗಾಳಿ ಹೋದ ಚೆಂಡೊಂದನ್ನು ಒದೆಯುತ್ತಿದ್ದರು; ಚೆಂಡಿಗಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ಒದೆಯುತ್ತಿದ್ದರು. ಒಂದು ಸಂಜೆ ಮಗನ ಮೂಗಿನಿಂದ ರಕ್ತ ಸುರಿಯಿತೆಂದು ಅವಳು ಒದ್ದೆ ಕೈಯಲ್ಲೇ ಹೊರಗೆ ಓಡಿಬಂದಳು. ಜಗಳ ಬಿಡಿಸಿದಳು. ಆಮೇಲೆ ಯಾಕೋ ಒಳಗೆ ಹೋಗಲಿಲ್ಲ.

“ಯಾಕ್ರೋ ಆಡ್ತೀರಾ ನೀವು?” ಎಂದು ಕೇಳಿದಳು.

“ಗೆಲ್ಲಕ್ಕೆ,” ಎಂದ ಒಬ್ಬ.

“ಗೆದ್ದು?”

ಮಾರನೆಯ ದಿನ ಅವಳು ಹರಿದ ಹಾಸಿಗೆ ಬಟ್ಟೆಯ ಪಟ್ಟಿಗಳನ್ನು ತಂದು, ಹೊಡೆದಾಡಿಕೊಂಡವರನ್ನು ಜೋಡಿ ಜೋಡಿಯಾಗಿ ಕೈಗೆ ಕೈ ಕಟ್ಟಿ ಆಡಲು ಬಿಟ್ಟಳು. ಒಬ್ಬ ಎಡಕ್ಕೆ ಎಳೆದರೆ ಇನ್ನೊಬ್ಬ ಬಲಕ್ಕೆ. ಬಿದ್ದು ಎದ್ದು ಮಕ್ಕಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕವು. ಅವಳೂ ನಕ್ಕಳು. ಬಟ್ಟೆ ಕೋಣೆಯ ಹೆಂಗಸರು ಕಿಟಕಿಗೆ ಬಂದು, ಅವಳು ನಗುವುದನ್ನು ಮೊದಲ ಸಲ ನೋಡಿದರು.

ಹಾಗೆ ಶುರುವಾದದ್ದು ವರ್ಷಗಟ್ಟಲೆ ನಡೆಯಿತು. ಕೋಚಮ್ಮ ಎಂಬ ಹೆಸರಿಟ್ಟವನು ಗೇಟಿನ ಕಾವಲುಗಾರ. ಗೇಲಿ ಮಾಡಲು ಇಟ್ಟ ಹೆಸರು ಅವಳಿಗೆ ಒಪ್ಪಿಬಿಟ್ಟಿತು. ಫುಟ್‌ಬಾಲಿನ ಆಫ್‌ಸೈಡ್ ನಿಯಮ ಎಂದರೇನೆಂದು ಅವಳಿಗೆ ಕೊನೆಯವರೆಗೂ ಸರಿಯಾಗಿ ತಲೆಗೆ ಹತ್ತಲಿಲ್ಲ. ಅವಳದೇ ಕೆಲವು ಕಾನೂನುಗಳಿದ್ದವು. ಎಲ್ಲರೂ ಆಡಬೇಕು. ಚೆಂಡು ಎಲ್ಲರ ಕಾಲಿಗೂ ತಾಗದೆ ಗೋಲು ಹೊಡೆದರೆ ಲೆಕ್ಕಕ್ಕಿಲ್ಲ. ಮುಖ ಗಂಟಿಕ್ಕಿಕೊಂಡವರು ಹೊರಗೆ ಬಂದು, ನಗು ಬಂದ ಮೇಲೆ ಮತ್ತೆ ಒಳಗೆ ಹೋಗಬೇಕು. ಆಟ ಮುಗಿದ ಮೇಲೆ ಅವಳು ನಡುವೆ ನಿಂತು, “ಯಾರು ಗೆದ್ದಿದ್ದು?” ಎಂದು ಕೂಗುತ್ತಿದ್ದಳು. ಮಕ್ಕಳೆಲ್ಲ ಗಂಟಲು ಹರಿಯುವಂತೆ, “ಎಲ್ಲಾರೂ!” ಎನ್ನುತ್ತಿದ್ದವು.

ಅವಳ ಮಗನೊಬ್ಬನೇ ಬೇರೆ. ಅವನಿಗೆ ಆಟ ಗೊತ್ತಿತ್ತು. ಚೆಂಡು ಬರುವ ಮೊದಲೇ ಅವನು ಅಲ್ಲಿರುತ್ತಿದ್ದ. ಇತರ ಮಕ್ಕಳು ನಗುತ್ತ ಬೀಳುವಾಗ ಅವನು ಬೀಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಗಂಟಿಕ್ಕಿದ ಮುಖಕ್ಕಾಗಿ ಎಲ್ಲರಿಗಿಂತ ಹೆಚ್ಚು ಸಲ ಹೊರಗೆ ಬಂದು ನಿಂತವನು ಅವನೇ.

*

ವಿದ್ಯುತ್ ಚಿತಾಗಾರದಲ್ಲಿ ಇವರಿಗಿಂತ ಮೊದಲು ಇನ್ನೊಂದು ಮನೆಯವರಿದ್ದರು. ದೊಡ್ಡ ಕುಟುಂಬ, ಬೆಂಚುಗಳೆಲ್ಲ ಅವರವೇ. ಕೋಚಮ್ಮನನ್ನು ಗೋಡೆ ಬದಿಯ ಕಬ್ಬಿಣದ ಮೇಜಿನ ಮೇಲೆ ಮಲಗಿಸಿದರು. ಮೇಲೆ ಫ್ಯಾನು ತಿರುಗುತ್ತಿತ್ತು. ಹೊದಿಕೆಯ ಅಂಚು ಹಾರದಿರಲೆಂದು ಚಿಕ್ಕಮ್ಮ ಒಂದು ಕೈ ಇಟ್ಟುಕೊಂಡೇ ನಿಂತಿದ್ದಳು.

ಹಳೆಯ ತಂಡದವರು ಒಬ್ಬೊಬ್ಬರೇ ಬರತೊಡಗಿದರು. ಚಪ್ಪಲಿ ಅಂಗಡಿಯವನು, ಬಸ್ ಡಿಪೋದ ಗುಮಾಸ್ತ, ಶಾಲೆಯ ಮೇಡಂ ಆದವಳು. ಕೆಲವರಿಗೆ ಹೊಟ್ಟೆ ಬಂದಿತ್ತು, ಕೆಲವರ ಕೂದಲು ಹೋಗಿತ್ತು. ಬಂದವರು ಮೊದಲು ಅತ್ತರು. ಆಮೇಲೆ ಗೋಲಿಯ ಸುತ್ತ ಗುಂಪುಗೂಡಿದರು. ಚಿಕ್ಕಂದಿನಲ್ಲಿ ಗೋಲ್‌ಕೀಪರ್ ಆಗಿದ್ದಕ್ಕೆ ಅವನಿಗೆ ಆ ಹೆಸರು. ಈಗ ಅಂಗಡಿಗಳಿಗೆ ಬ್ರೆಡ್ ಹಾಕುವ ವ್ಯಾನು ಓಡಿಸುತ್ತಾನೆ.

“ನನ್ನನ್ನೂ ಇವನನ್ನೂ ಕಟ್ಟಿಹಾಕಿದ್ದು ಜ್ಞಾಪಕ ಇದೆಯಾ?” ಎಂದ ಗೋಲಿ, ಗುಮಾಸ್ತನನ್ನು ತೋರಿಸಿ. “ಆಟ ಮುಗಿದ್ರೂ ಗಂಟು ಬಿಚ್ಚಕ್ಕಾಗ್ಲಿಲ್ಲ. ಹಾಗೇ ಇವನ ಮನೆಗೆ ಹೋಗಿ ಇಬ್ಬರೂ ಒಂದೇ ತಟ್ಟೇಲಿ ಊಟ ಮಾಡಿದ್ವಿ.”

“ಊಟ ಮಾಡಿದ್ದು ನೀನು. ನನ್ನ ಬಲಗೈ ನಿನ್ ಹತ್ರ ಇತ್ತು,” ಎಂದ ಗುಮಾಸ್ತ.

ನಗು ಎದ್ದಿತು. ಬೆಂಚಿನ ಮೇಲಿದ್ದ ಆ ಇನ್ನೊಂದು ಮನೆಯವರು ತಿರುಗಿ ನೋಡಿದರು.

“ನಗ್ತಾ ಇದ್ದಾರಲ್ಲೋ,” ಎಂದು ಚಿಕ್ಕಮ್ಮ ಮಗನಿಗೆ ಹೇಳಿದಳು.

“ನಗಲಿ ಬಿಡು ಚಿಕ್ಕಮ್ಮ. ಅವಳಿಗೆ ಅದೇ ತಾನೆ ಬೇಕಿದ್ದಿದ್ದು.”

ಅವನ ದನಿಯಲ್ಲಿದ್ದ ಕಹಿ ಕೇಳಿ ಚಿಕ್ಕಮ್ಮ ಹೊದಿಕೆಯ ಅಂಚನ್ನು ಇನ್ನೊಮ್ಮೆ ಸರಿಪಡಿಸಿದಳು.

ಗುಮಾಸ್ತ ಅವನ ಕಡೆ ತಿರುಗಿ, “ಈಗಿನ ಮಕ್ಕಳು ಯಾರೂ ಬಂದಿಲ್ವಾ?” ಎಂದ.

“ಈಗ ಯಾವ ಮಕ್ಕಳು?” ಎಂದು ಗೋಲಿಯೇ ಉತ್ತರಿಸಿದ. “ಎರಡು ವರ್ಷ ಆಯ್ತಲ್ಲ ಕೋಚಮ್ಮ ಆಡಿಸೋದು ಬಿಟ್ಟು. ಮೊಣಕಾಲು ನೋವು ಅಂತ ಒಂದಿನ ನಿಲ್ಲಿಸಿದೋರು ಮತ್ತೆ ಬರಲೇ ಇಲ್ಲ. ಮಕ್ಕಳು ಒಂದಷ್ಟು ದಿನ ಮನೆ ಕೆಳಗೆ ಬಂದು ಕೂಗಿದವು. ಕಿಟಕಿ ತೆಗೀಲಿಲ್ಲವಂತೆ. ಈಗ ಆ ಜಾಗದಲ್ಲಿ ಡಾಕ್ಟರುಗಳ ಕಾರು ನಿಲ್ಲಿಸ್ತಾರೆ.”

ಅಷ್ಟರಲ್ಲಿ ಬಾಗಿಲ ಬಳಿ ದಪ್ಪನೆಯ ಹೆಂಗಸೊಬ್ಬಳು ಕಾಣಿಸಿದಳು. ಔಷಧಿ ಅಂಗಡಿಯ ನೀಲಿ ಕೋಟನ್ನು ಇನ್ನೂ ತೆಗೆದಿರಲಿಲ್ಲ.

“ಲೋ, ಆಮೆ ಬಂದ್ಳು,” ಎಂದ ಗೋಲಿ ಅಕ್ಕರೆಯಿಂದ. “ಇವತ್ತೂ ಲೇಟು.”

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಮೇಜಿನ ಬಳಿ ಹೋಗಿ ಬಹಳ ಹೊತ್ತು ನಿಂತಳು. ಮಗನಿಗೆ ಅವಳ ಗುರುತು ಒಂದೇ ನೋಟಕ್ಕೆ ಸಿಕ್ಕಿತು. ಅಡುಗೆಯವನ ಮಗಳು. ಅವನು ಮುಖ ತಿರುಗಿಸಿಕೊಂಡು ಹೊರಗೆ ನಡೆದ.

*

ಅವನಿಗೆ ಹದಿನಾಲ್ಕಾದ ವರ್ಷ ಹಿಂದೆಂದೂ ಆಗದ್ದು ಆಗಿತ್ತು. ಬೇರೆ ಬೇರೆ ಬಡಾವಣೆಗಳ ಮಕ್ಕಳ ಪಂದ್ಯದಲ್ಲಿ ಕೋಚಮ್ಮನ ತಂಡ ಕೊನೆಯ ಆಟದವರೆಗೂ ಬಂದಿತ್ತು. ತಂದು ನಿಲ್ಲಿಸಿದವನು ಅವಳ ಮಗ. ಕ್ರೀಡಾ ಹಾಸ್ಟೆಲಿಗೆ ಹುಡುಗರನ್ನು ಆರಿಸಲು ಒಬ್ಬ ತರಬೇತುದಾರ ಬಂದು ಮೈದಾನದ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಆರಿಸಿದರೆ ಊಟ, ವಸತಿ, ಓದು, ಆಟ ಎಲ್ಲವೂ ಅಲ್ಲೇ. ಹುಡುಗ ಹಿಂದಿನ ರಾತ್ರಿ ಸರಿಯಾಗಿ ಊಟ ಮಾಡಿರಲಿಲ್ಲ.

ಮೊದಲರ್ಧದಲ್ಲಿ ಅವನೊಂದು ಗೋಲು ಹೊಡೆದ. ಕುರ್ಚಿಯ ಮೇಲಿದ್ದಾತ ಪಕ್ಕದವನನ್ನು ಏನೋ ಕೇಳಿದ್ದು, ಪಕ್ಕದವನು ಇವನ ಕಡೆ ಬೆರಳು ತೋರಿಸಿದ್ದು ಅವನ ಕಣ್ಣಿಗೆ ಬಿತ್ತು.

ಎರಡನೆಯರ್ಧ ಶುರುವಾಗುವ ಮೊದಲು ತಾಯಿ ಅವನನ್ನು ಕರೆದಳು.

“ನೀನು ಕೂತ್ಕೊ. ಆಮೆ ಆಡ್ಲಿ.”

“ಅಮ್ಮ, ಇವತ್ತೊಂದಿನ.”

“ಎಲ್ಲರೂ ಆಡಬೇಕು. ನಿನಗೆ ಬೇರೆ ಕಾನೂನು ಮಾಡಕ್ಕಾಗುತ್ತಾ?”

“ಅವರು ನೋಡ್ತಾ ಇದ್ದಾರೆ ಅಮ್ಮ.”

“ನೋಡ್ಲಿ. ಎಂಥ ತಂಡ ಅಂತ ನೋಡ್ಲಿ.”

ಅವನು ಗೆರೆಯಾಚೆ ಕೂತ. ಅಡುಗೆಯವನ ಮಗಳು ಒಳಗೆ ಹೋದಳು. ಕುರ್ಚಿಯ ಮೇಲಿದ್ದಾತ ಸ್ವಲ್ಪ ಹೊತ್ತು ನೋಡಿ, ಕೈಗಡಿಯಾರ ನೋಡಿ, ಎದುರು ತಂಡದ ಬದಿಗೆ ಕುರ್ಚಿ ಸಾಗಿಸಿಕೊಂಡ. ಎದುರಿನವರು ಒಂದು ಗೋಲು ಹೊಡೆದು ಸಮ ಮಾಡಿದರು. ಕೊನೆಗೆ ಚೆಂಡು ನೇರ ಆ ಹುಡುಗಿಯ ಕಡೆ ಉರುಳಿ ಬಂತು. ಅವಳು ಅಲುಗಾಡಲಿಲ್ಲ. ಅವಳ ಮೊಣಕಾಲಿಗೆ ಬಡಿದ ಚೆಂಡು ದಿಕ್ಕು ಬದಲಿಸಿ, ಗೋಲಿಯ ಕೈತಪ್ಪಿ, ತಮ್ಮದೇ ಬಲೆಯೊಳಗೆ ಹೋಯಿತು.

“ಯಾರು ಗೆದ್ದಿದ್ದು?” ಎಂದು ಕೋಚಮ್ಮ ಕೂಗಿದಳು. ಕಿತ್ತಳೆ ಸುಲಿದು ಎಲ್ಲರ ಬಾಯಿಗೂ ತೊಳೆ ಇಡುತ್ತಿದ್ದಳು. ಮಕ್ಕಳು ಅಳು ಮರೆತು, “ಎಲ್ಲಾರೂ!” ಎಂದರು. ಮಗ ತುಟಿ ಬಿಚ್ಚಲಿಲ್ಲ. ಆ ಸಂಜೆ ಅವನು ಬೇರೆ ರಸ್ತೆಯಿಂದ ಮನೆಗೆ ಹೋದ. ಕ್ರೀಡಾ ಹಾಸ್ಟೆಲಿಗೆ ಎದುರು ತಂಡದ ಹುಡುಗರು ಹೋದರು.

ಮತ್ತೆ ಅವನು ಚೆಂಡು ಮುಟ್ಟಲಿಲ್ಲ. ಲಿಫ್ಟ್ ಕೆಲಸ ಕಲಿತು ಬೇರೆ ಊರು ಸೇರಿದ. ವಾರಕ್ಕೊಮ್ಮೆ ಫೋನು. ಊಟ ಆಯ್ತಾ, ಆಯ್ತು. ಹುಷಾರಾಗಿದೀಯಾ, ಇದ್ದೀನಿ. ಜಗಳವೆಂಬುದು ನಡೆಯಲೇ ಇಲ್ಲವಾದ್ದರಿಂದ ರಾಜಿಯಾಗುವುದಕ್ಕೂ ದಾರಿ ಇರಲಿಲ್ಲ.

*

ಅವನು ಹೊರಗಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ಆ ಹೆಂಗಸು ಹಿಂದೆ ಬಂದು ನಿಂತಳು.

“ನಿಮಗೆ ನಾನು ಗೊತ್ತಾದ್ನಾ?”

“ಗೊತ್ತಾಯ್ತು.”

“ನನ್ನ ಮೇಲೆ ಸಿಟ್ಟಿರಬೇಕು ನಿಮಗೆ.”

ಅವನು ತೋಳಿನಿಂದ ಮುಖ ಒರೆಸಿಕೊಂಡ. “ನಿಮ್ಮದೇನಿದೆ? ಚಿಕ್ಕವರಿದ್ವಿ. ನಿಮಗಾದ್ರೂ ಖುಷಿ ಆಯ್ತಲ್ಲ, ಬಿಡಿ. ಒಬ್ಬರಿಗಾದ್ರೂ ಆಯ್ತು.”

ಅವಳು ಅವನನ್ನೇ ನೋಡಿದಳು.

“ಖುಷಿನಾ? ನಾನು ಬೇಡ ಅಂತ ಅತ್ತಿದ್ದೆ ಅವತ್ತು.”

ಅವನು ಸುರಿಯುತ್ತಿದ್ದ ನಲ್ಲಿಯನ್ನು ನಿಲ್ಲಿಸಿದ.

“ಪಕ್ಕದ ಶೆಡ್ಡಿನ ಹಿಂದೆ ಕರ್ಕೊಂಡು ಹೋಗಿ ಕೈ ಹಿಡ್ಕೊಂಡು ಬೇಡ್ಕೊಂಡೆ. ಇವತ್ತು ಬೇಡ ಕೋಚಮ್ಮ, ಇಷ್ಟೊಂದು ಜನ ಇದ್ದಾರೆ, ಇವತ್ತು ಅವನೇ ಆಡ್ಲಿ ಅಂತ. ಅವರು ನನ್ನ ಕಣ್ಣು ಒರೆಸಿ, ಮಜಾ ಇರುತ್ತೆ, ಹೋಗಮ್ಮ ಅಂದ್ರು.” ಅವಳು ಕೋಟಿನ ಗುಂಡಿಯನ್ನು ತಿರುಚುತ್ತಿದ್ದಳು. “ಆಮೇಲೆ ಶಾಲೆ ಮುಗಿಯೋವರೆಗೂ ನನ್ನ ಕಂಡ್ರೆ ಹುಡುಗರು ಮೊಣಕಾಲು ತೋರಿಸಿ ನಗ್ತಿದ್ರು. ಈಗ್ಲೂ ಒಳಗೆ ನಗ್ತಾ ಇದ್ದಾರೆ, ಕೇಳ್ಸುತ್ತಲ್ಲ.”

ಒಳಗಿನಿಂದ ಗೋಲಿಯ ದನಿ ಬರುತ್ತಿತ್ತು.

“ಹುಡುಗರು ಹಾಗೆ ನಗ್ತಿದ್ದಿದ್ದು ಅಮ್ಮನಿಗೆ ಗೊತ್ತಿರಲಿಲ್ವಾ?” ಎಂದು ಕೇಳಿದ.

“ನಾನೇ ಹೇಳಿದೆ. ಹೇಳಬಾರದಿತ್ತು. ಎರಡು ವರ್ಷದ ಕೆಳಗೆ ಬಿಪಿ ಮಾತ್ರೆ ತಗೊಳ್ಳಕ್ಕೆ ಅಂಗಡಿಗೆ ಬಂದಿದ್ರು. ಜನ ತುಂಬಿದ್ರು. ಎಲ್ಲರೆದುರಿಗೇ, ನೋಡಿ, ಇವಳು ನನ್ನ ಆಮೆ, ಫೈನಲ್ ಆಡಿದೋಳು, ಅಂದ್ರು. ಎಷ್ಟು ಹೆಮ್ಮೆಯಿಂದ ಅಂದ್ರು ಗೊತ್ತಾ? ನನಗೆ ತಡೆಯಕ್ಕಾಗ್ಲಿಲ್ಲ. ಹೊರಗೆ ಕರ್ಕೊಂಡು ಬಂದು ಎಲ್ಲಾ ಹೇಳಿಬಿಟ್ಟೆ.”

“ಏನಂದ್ಲು?”

“ನೀನು ಅತ್ತಿದ್ದು ನನಗೆ ಜ್ಞಾಪಕ ಇದೆ ಕಣೇ, ಹೆದರಿಕೆಗೆ ಅಳ್ತಿದೀಯ, ಒಳಗೆ ಹೋದ್ರೆ ಸರಿ ಹೋಗುತ್ತೆ ಅಂದ್ಕೊಂಡೆ ಅಂದ್ರು. ಆಮೇಲೆ, ಹಾಗಾದ್ರೆ ನನ್ನ ಮಗನಿಗೆ ಏನಾಗಿರಬೇಕು ಅಂತ ಕೇಳಿದ್ರು. ನಾನೇನು ಹೇಳ್ಲಿ? ಅವನನ್ನೇ ಕೇಳಿ ಅಂದೆ. ಮಾತ್ರೆ ಕೌಂಟರ್ ಮೇಲೇ ಬಿಟ್ಟು ಹೋದ್ರು. ಸಂಜೆ ನಾನೇ ಮನೆಗೆ ತಗೊಂಡು ಹೋಗಿ ಕೊಟ್ಟೆ. ಮಾರನೇ ದಿನದಿಂದ ಮೈದಾನಕ್ಕೆ ಹೋಗಲಿಲ್ಲ.” ಅವಳು ಮೂಗೊರೆಸಿಕೊಂಡಳು. “ಮೊಣಕಾಲು ನೋವೆಲ್ಲ ಸುಳ್ಳು. ಮಂಡಿ ಚೆನ್ನಾಗೇ ಇತ್ತು ಅವರಿಗೆ.”

ಮಗ ನಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟ.

“ಕೇಳಿದ್ರಾ ನಿನ್ನನ್ನ?” ಎಂದಳು. ನೀವು ಎಂಬುದು ಯಾವಾಗಲೋ ಬಿಟ್ಟುಹೋಗಿತ್ತು.

ಕೇಳಿರಲಿಲ್ಲ. ಕೇಳಲು ಫೋನು ಮಾಡಿದ್ದಳು. ಅವನಿಗೆ ಈಗ ಅದು ಸ್ಪಷ್ಟವಾಗಿ ನೆನಪಾಯಿತು, ಯಾಕೆಂದರೆ ಅವಳು ಹಗಲು ಹೊತ್ತಿನಲ್ಲಿ ಎಂದೂ ಫೋನು ಮಾಡುತ್ತಿರಲಿಲ್ಲ. ಅವನು ಯಾವುದೋ ಹೋಟೆಲಿನ ಲಿಫ್ಟಿನ ತಲೆಯ ಮೇಲೆ, ಅದು ಓಡಾಡುವ ಕತ್ತಲ ಬಾವಿಯಲ್ಲಿ, ಕಂಕುಳಲ್ಲಿ ಟಾರ್ಚು ಇರುಕಿಕೊಂಡು ನಿಂತಿದ್ದ.

“ನಿನ್ನನ್ನ ಒಂದು ವಿಷ್ಯ ಕೇಳ್ಬೇಕಿತ್ತು ಕಣೋ,” ಎಂದಿದ್ದಳು.

“ಕೆಲಸದಲ್ಲಿದೀನಮ್ಮ. ಆಮೇಲೆ ಮಾಡ್ತೀನಿ.”

“ಆಯ್ತು, ಆಯ್ತು. ಹುಷಾರು, ಎತ್ತರದಲ್ಲಿ.”

ಆಮೇಲೆ ಮಾಡಲಿಲ್ಲ. ಆ ವಾರದ ಫೋನಿನಲ್ಲಿ ಅವನೇ, ಅವತ್ತು ಏನೋ ಕೇಳ್ಬೇಕು ಅಂದ್ಯಲ್ಲ ಎಂದಾಗ, ಏನಿಲ್ಲ ಬಿಡು, ಮೊಣಕಾಲು ನೋವಿಗೆ ಯಾವ ಎಣ್ಣೆ ಒಳ್ಳೇದು ಅಂತ ಎಂದಿದ್ದಳು. ಅವನು ಯಾವುದೋ ಎಣ್ಣೆಯ ಹೆಸರು ಹೇಳಿದ್ದ.

“ಇಲ್ಲ. ಕೇಳಲಿಲ್ಲ,” ಎಂದ.

ಅವಳು ಅವನ ಪಕ್ಕದಲ್ಲಿ ಕೂತಳು. “ಮಿಕ್ಕ ದಿನ ಎಲ್ಲ ಚೆನ್ನಾಗೇ ಇತ್ತು. ಅದನ್ನೂ ಹೇಳಬೇಕು ಅಂತಿದ್ದೆ ಅವರಿಗೆ. ನನ್ನನ್ನ ಆಟಕ್ಕೆ ಸೇರಿಸ್ಕೊಂಡೋರು ಅವರೊಬ್ಬರೇ. ಎರಡು ಮೂರು ಸಲ ಮನೆ ಹತ್ರ ಹೋದೆ. ಬಾಗಿಲು ತೆಗೀತಿದ್ರು, ಕಾಫಿ ಕೊಡ್ತಿದ್ರು. ಆದ್ರೆ ಆಟದ ಮಾತೆತ್ತಿದ್ರೆ ಎದ್ದು ಅಡುಗೆಮನೆಗೆ ಹೋಗ್ತಿದ್ರು.”

ಒಳಗಿನಿಂದ ಚಿಕ್ಕಮ್ಮ ಕೂಗಿದಳು. “ಬಾರೋ, ಕರೀತಿದ್ದಾರೆ.”

*

ಟ್ರಾಲಿಯ ಮೇಲೆ ಸಾಗಿಸಿ ಕುಲುಮೆಯ ಬಾಗಿಲ ಮುಂದೆ ನಿಲ್ಲಿಸಿದರು. ಖಾಕಿ ಅಂಗಿಯ ನೌಕರ ಪಟ್ಟಿಗಳನ್ನು ಬಿಚ್ಚಿ, “ನೋಡೋರು ನೋಡ್ಕೊಂಬಿಡಿ,” ಎಂದ. ಮಗ ಮುಖ ನೋಡಿದ. ಕೇಳಬೇಕಾದ್ದನ್ನು ಕೇಳದೆಯೇ ಮುಚ್ಚಿದ ಬಾಯಿ. ಹಣೆಯ ಮೇಲೆ ಕೈ ಇಟ್ಟ. ತಣ್ಣಗಿತ್ತು. “ಬೇಜಾರಾಗಿತ್ತಮ್ಮ,” ಎಂದ, ಪಕ್ಕದಲ್ಲಿದ್ದ ಚಿಕ್ಕಮ್ಮನಿಗೂ ಸರಿಯಾಗಿ ಕೇಳಿಸದ ಹಾಗೆ. “ತುಂಬಾ ಬೇಜಾರಾಗಿತ್ತು.”

ನೌಕರ ಗುಂಡಿ ಒತ್ತಲು ಹೋದಾಗ ಗೋಲಿ, “ಒಂದು ನಿಮಿಷ ಅಣ್ಣ,” ಎಂದು ಮುಂದೆ ಬಂದ. ಅವನ ಕಣ್ಣು ಕೆಂಪಾಗಿತ್ತು. ಎಲ್ಲರ ಕಡೆ ತಿರುಗಿ, ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದ: “ಯಾರು ಗೆದ್ದಿದ್ದು?”

ಟೈಲ್ಸ್ ಹಾಕಿದ ಗೋಡೆಗಳಿಗೆ ಬಡಿದು ಅವನ ದನಿಯೇ ಹಿಂದೆ ಬಂತು. ಮೇಡಂ ಆದವಳು ಸಣ್ಣಗೆ, “ಎಲ್ಲಾರೂ,” ಎಂದಳು. ಗುಮಾಸ್ತ ತುಟಿ ಅಲುಗಿಸಿದ. ಔಷಧಿ ಅಂಗಡಿಯವಳು ನೆಲ ನೋಡುತ್ತಿದ್ದಳು. ಗೋಲಿ ಮಗನ ಮುಖ ನೋಡಿದ, ಕಾದ. ಮಗನ ಬಾಯಿ ತೆರೆಯಿತು, ಶಬ್ದ ಬರಲಿಲ್ಲ.

“ಮುಂದಿನವರು ಬಂದಿದ್ದಾರೆ ಸಾರ್,” ಎಂದ ನೌಕರ. ಬಾಗಿಲು ಮೇಲೆದ್ದಿತು, ಟ್ರಾಲಿ ಒಳಗೆ ಹೋಯಿತು, ಬಾಗಿಲು ಇಳಿಯಿತು.

*

ಬೂದಿ ಕೊಡುವುದು ತಡವಾಗುತ್ತದೆ ಎಂದರು. ಗೋಲಿಗೆ ಬ್ರೆಡ್ ಹಾಕಲು ಹೋಗಬೇಕಿತ್ತು. ಔಷಧಿ ಅಂಗಡಿಯವಳ ರಜೆ ಮುಗಿದಿತ್ತು. ಚಿಕ್ಕಮ್ಮನಿಗೆ ನಿಲ್ಲಲಾಗುತ್ತಿರಲಿಲ್ಲ, ಅವಳನ್ನು ಮಗನೇ ಗೋಲಿಯ ವ್ಯಾನಿನಲ್ಲಿ ಕೂರಿಸಿ ಕಳಿಸಿದ. “ನೀನು ಒಬ್ಬನೇ ಇರ್ತೀಯಲ್ಲೋ,” ಎಂದಳು ಅವಳು. “ಇರ್ತೀನಿ ಚಿಕ್ಕಮ್ಮ,” ಎಂದ. ಬೆಂಚುಗಳು ಖಾಲಿಯಾಗಿ, ಮತ್ತೆ ಬೇರೆಯವರಿಂದ ತುಂಬಿದವು.

ಸಂಜೆ ನೌಕರ ಮುಚ್ಚಳವಿದ್ದ ಒಂದು ಡಬ್ಬಿ ತಂದುಕೊಟ್ಟ. ಅದು ಇನ್ನೂ ಬೆಚ್ಚಗಿತ್ತು. ಮಗ ಅದನ್ನು ಕೈಚೀಲದಲ್ಲಿಟ್ಟು ರಸ್ತೆಗೆ ಬಂದು ಬಸ್ ಹತ್ತಿದ. ಕೆಲಸ ಬಿಟ್ಟು ಮನೆಗೆ ಹೋಗುವವರ ಹೊತ್ತು. ಕಿಟಕಿ ಪಕ್ಕದವನು ಎದ್ದು ಇಳಿದದ್ದರಿಂದ ಅವನಿಗೆ ಕೂರಲು ಜಾಗ ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ತೊಡೆಗೆ ಬಿಸಿ ತಾಗುತ್ತಿತ್ತು.

ಎರಡು ಸ್ಟಾಪು ಆದ ಮೇಲೆ ತರಕಾರಿ ಹೊತ್ತ ಹೆಂಗಸೊಬ್ಬಳು ಜನರನ್ನು ತಳ್ಳಿಕೊಂಡು ಬಂದು ಅವನ ಸೀಟಿನ ಕಂಬಿ ಹಿಡಿದಳು. ಬಸ್ಸು ತಿರುವಿನಲ್ಲಿ ವಾಲಿದಾಗ ಅವಳೂ ವಾಲಿದಳು.

“ಇದನ್ನ ಸ್ವಲ್ಪ ಹಿಡ್ಕೋತೀಯೇನಪ್ಪ? ಕೈ ಬಿದ್ದುಹೋಗ್ತಿದೆ.”

ಉತ್ತರಕ್ಕೆ ಕಾಯದೆ ಅವಳು ತನ್ನ ತರಕಾರಿ ಚೀಲವನ್ನು ಅವನ ಚೀಲದ ಮೇಲಿಟ್ಟಳು. ಡಬ್ಬಿಯ ಅಂಚು ಅವನ ತೊಡೆಗೆ ಒತ್ತಿತು. ಅವನು ಮೇಲಿನದು ಜಾರದ ಹಾಗೆ ಎರಡೂ ತೋಳುಗಳಿಂದ ಬಳಸಿ ಹಿಡಿದುಕೊಂಡ. ಸೊಪ್ಪಿನ ಕಟ್ಟೊಂದು ಅವನ ಗಲ್ಲಕ್ಕೆ ತಾಗುತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಇನ್ನಷ್ಟು ಜನ ಹತ್ತಿದರು.